ಪೇಪರಿನ ಅಂಚಿನಲ್ಲಿ ಶುರುವಾದ ಪತ್ರ

ವರ್ಣಭೇದದ ಮಾತು ಬಂದಾಗ ‘ನಾನು ಯಾರಿಗೂ ಏನೂ ಮಾಡಿಲ್ಲವಲ್ಲ’ ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಅಮೆರಿಕದಲ್ಲಿ ಇಂಥವರನ್ನು ಮಾತಿಗೆಳೆದವರ ಸಾಲು ದೊಡ್ಡದು. ನಿಮ್ಮ ಸ್ವಾತಂತ್ರ್ಯದ ಹಬ್ಬ ಗುಲಾಮನಿಗೆ ಏನು ಎಂದು 1852ರಲ್ಲಿ, ಸ್ವತಃ ಗುಲಾಮರಾಗಿದ್ದ ಫ್ರೆಡರಿಕ್ ಡಗ್ಲಾಸ್ ಕೇಳಿದರು. 1892ರಲ್ಲಿ ಮೆಂಫಿಸ್‌ನಲ್ಲಿ ತನ್ನ ಕಪ್ಪು ಗೆಳೆಯರನ್ನು ಬಿಳಿಯರ ಗುಂಪೊಂದು ಕೊಂದ ಮೇಲೆ, ಪತ್ರಕರ್ತೆ ಐಡಾ ಬಿ. ವೆಲ್ಸ್ ಇಂಥ ಕೊಲೆಗಳ ಲೆಕ್ಕವನ್ನು ಬಿಳಿಯರ ಪತ್ರಿಕೆಗಳಿಂದಲೇ ತೆಗೆದು ಮುಂದಿಟ್ಟರು. ಓದಿದವರು ಓದಿದರು. ಆಮೇಲೆ 70 ವರ್ಷ ಕಳೆಯಿತು.

1963ರ ಏಪ್ರಿಲ್ 12, ಗುಡ್ ಫ್ರೈಡೆ. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಅವರ ಬಂಧನವಾಯಿತು. ಜೈಲಿನಲ್ಲಿ ಅವರ ಕೈಗೆ ಬಂದ ಪೇಪರಿನಲ್ಲಿ ಊರಿನ 8 ಬಿಳಿಯ ಧರ್ಮಗುರುಗಳ ಹೇಳಿಕೆಯಿತ್ತು: ಈ ಪ್ರತಿಭಟನೆಗೆ ಇದು ಸಮಯವಲ್ಲ. ಇವರು ದ್ವೇಷ ಕಾರುವ ಜನ ಅಲ್ಲ. ವರ್ಣಭೇದ ಬಿಡಿ ಎಂದು ಕೋರ್ಟ್ ಹೇಳಿದರೆ ಅದರಂತೆ ನಡೆಯಿರಿ ಎಂದು ಜನವರಿಯಲ್ಲಿ ಊರಿಗೆ ಬುದ್ಧಿ ಹೇಳಿದವರು ಅವರಲ್ಲೇ ಹಲವರಿದ್ದರು. ಹೇಳಿಕೆಯ ಭಾಷೆಯೂ ಮೃದು. ನನಗೆ ತೊಡಕು ಕಾಣುವುದು ಆ ಮೃದುತನದಲ್ಲೇ.

ಕಿಂಗ್ ಅದೇ ಪೇಪರಿನ ಅಂಚಿನ ಖಾಲಿ ಜಾಗದಲ್ಲಿ ಉತ್ತರ ಶುರುಮಾಡಿದರು. ಜಾಗ ಮುಗಿದಾಗ ಚೂರುಪಾರು ಕಾಗದ, ಆಮೇಲೆ ವಕೀಲರು ತಂದ ಹಾಳೆ. ಹೊರಗೆ ಹೋದ ಚೂರುಗಳನ್ನು ಸಂಗಡಿಗರು ಓದಿ ಟೈಪ್ ಮಾಡಿದರು.

ಪತ್ರದಲ್ಲಿ ಬೈಗುಳ ಇಲ್ಲ. ಆ 8 ಮಂದಿಯಲ್ಲಿ ಹೆಸರು ಹಿಡಿದು ಕರೆದದ್ದು ಒಬ್ಬರನ್ನೇ, ಪಾದ್ರಿ ಸ್ಟಾಲಿಂಗ್ಸ್ ಅವರನ್ನು. ಅದೂ ಕಪ್ಪು ಜನರನ್ನು ಪ್ರಾರ್ಥನೆಗೆ ಬರಮಾಡಿಕೊಂಡದ್ದಕ್ಕೆ ಮೆಚ್ಚಿ. ಆದರೆ ಮಾತು ನೇರ: ಮುಸುಕು ಹಾಕಿ ಕಪ್ಪು ಜನರ ಮೇಲೆ ಬೀಳುವ ಕ್ಲಾನ್ ಗುಂಪಿನವರಿಗಿಂತ, ‘ಸ್ವಲ್ಪ ತಾಳಿ’ ಎನ್ನುವ ಒಳ್ಳೆಯವರೇ ದೊಡ್ಡ ಅಡ್ಡಿ. ಯಾಕೆ ತಾಳಲಾರೆವು ಎನ್ನುವುದಕ್ಕೆ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ಅದರ ನಡುವೆ 6 ವರ್ಷದ ಮಗಳು. ಟಿವಿಯಲ್ಲಿ ಆಟದ ಪಾರ್ಕಿನ ಜಾಹೀರಾತು ನೋಡಿ ಹೋಗೋಣ ಅನ್ನುತ್ತಾಳೆ. ಕಪ್ಪು ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಅಪ್ಪ ಹೇಳಬೇಕು. ಅವಳ ಕಣ್ಣು ತುಂಬುತ್ತದೆ. ವಾಕ್ಯ ಇನ್ನೂ ಮುಗಿದಿಲ್ಲ. ಕಾಯಿರಿ ಎಂದವರು ಪೂರ್ಣವಿರಾಮಕ್ಕೆ ಕಾಯಬೇಕು. ಎಷ್ಟು ಸಲ ಓದಿದರೂ ಅಲ್ಲಿ ನನಗೆ ಉಸಿರು ಕಟ್ಟುತ್ತದೆ.

ಮೊದಲ ವಾರಗಳಲ್ಲಿ ಪತ್ರಕ್ಕೆ ಓದುಗರು ಹೆಚ್ಚಿರಲಿಲ್ಲ. ಮೇ ಮೊದಲ ವಾರ ಶಾಲೆ ಮಕ್ಕಳು ಬೀದಿಗಿಳಿದರು. ಅವರ ಮೇಲೆ ನೀರಿನ ಪೈಪು, ನಾಯಿ ಬಿಟ್ಟ ಫೋಟೊಗಳು ದೇಶವೆಲ್ಲ ಹರಡಿದವು. ಪತ್ರ ಊರೂರು ತಲುಪಿದ್ದು ಆಮೇಲೆ. ಬರಹವೊಂದೇ ಮೌನ ಮುರಿಯಿತು ಎಂದರೆ ಸುಮ್ನೆ ಹೊಗಳಿಕೆ. ಕಣ್ಣಿಗೆ ಬಿದ್ದದ್ದು ಏನು, ಅದರಲ್ಲಿ ತಮ್ಮ ಪಾಲೆಷ್ಟು ಎಂದು ಓದಿದವರು ಕೇಳಿಕೊಳ್ಳಲು ಅದು ಮಾತುಗಳನ್ನು ಒದಗಿಸಿತು.

ಸೆಪ್ಟೆಂಬರ್ 15ರಂದು, ಆ ಮಕ್ಕಳು ಹೊರಟಿದ್ದ 16ನೇ ಬೀದಿಯ ಚರ್ಚಿನಲ್ಲೇ ಬಾಂಬ್ ಸಿಡಿದು 4 ಕಪ್ಪು ಹುಡುಗಿಯರು ಸತ್ತರು. ಮರುದಿನ ಚಾರ್ಲ್ಸ್ ಮಾರ್ಗನ್ ಎಂಬ 33 ವರ್ಷದ ಬಿಳಿಯ ವಕೀಲ, ಊರಿನ ಯುವ ವ್ಯಾಪಾರಿಗಳ ಕ್ಲಬ್ಬಿನಲ್ಲಿ ಎದ್ದು ನಿಂತು ಬರೆದುಕೊಂಡು ಬಂದದ್ದನ್ನು ಓದಿದರು. ಇದನ್ನು ಮಾಡಿದ್ದು ಯಾರು? ನಾವೆಲ್ಲರೂ. ಬೆದರಿಕೆಗಳು ಬಂದವು. ಮಾರ್ಗನ್ ಸಂಸಾರ ಸಮೇತ ಊರು ಬಿಟ್ಟರು.