ಬೆಳಗಿನ ಜಾವ 4 ಗಂಟೆಗೆ ಎಬ್ಬಿಸುವ ಬೆಕ್ಕಿಗೆ ಏನು ಮಾಡೋದು?

ಪ್ರಶ್ನೆ: ನಮ್ಮ ಬೆಕ್ಕಿಗೆ 3 ವರ್ಷ. ದಿನಾ ಬೆಳಗಿನ ಜಾವ 4 ಗಂಟೆಗೆ ಎದೆ ಮೇಲೆ ಹತ್ತಿ ಕೂಗುತ್ತದೆ. ಏಳದಿದ್ದರೆ ಕಾಲ್ಬೆರಳು ಕಚ್ಚುತ್ತದೆ. ಎದ್ದು ಹೋಗಿ ನೋಡಿದರೆ ರಾತ್ರಿ ಹಾಕಿದ ತಿಂಡಿ ಬಟ್ಟಲಲ್ಲಿ ಹಾಗೇ ಇರುತ್ತದೆ. ಇದಕ್ಕೆ ಬೇಕಾಗಿರೋದಾದರೂ ಏನು?

ಉತ್ತರ: ನೀವು ಏಳಬೇಕು, ಅಷ್ಟೇ.

ನಮಗೆ ಅಪರಾತ್ರಿ ಅನಿಸುವ ಆ ಹೊತ್ತು ಬೆಕ್ಕಿಗೆ ಬೇಟೆಯ ಹೊತ್ತು. ಮುಸ್ಸಂಜೆಯಲ್ಲಿ ಮತ್ತು ನಸುಕಿನಲ್ಲಿ ಅದರ ಓಡಾಟ ಜಾಸ್ತಿ. ಇಲಿಗಳು ಹೊರಗೆ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಮಾಡಿ ಕಾಳು ಕೂಡಿಡಲು ಶುರು ಮಾಡಿದರು. ಕಾಳಿಗೆ ಇಲಿ ಬಂತು, ಇಲಿ ಹಿಂದೆ ಕಾಡುಬೆಕ್ಕು ಬಂತು. ಕರೆಯದೆ ಬಂದ ನೆಂಟ ಇನ್ನೂ ಹೋಗಿಲ್ಲ. ತನ್ನ ಗಡಿಯಾರವನ್ನೂ ಬದಲಾಯಿಸಿಕೊಂಡಿಲ್ಲ.

ಆದರೆ ಬೆಕ್ಕು ಎಚ್ಚರವಾಗುವುದು ಬೇರೆ, ನಿಮ್ಮನ್ನು ಎಬ್ಬಿಸುವುದು ಬೇರೆ. ಎರಡನೆಯದನ್ನು ಅದು ಕಲಿತದ್ದು, ಕಲಿಸಿದವರು ನೀವೇ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ವಾ? ಒಂದು ಸಲ ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಟ. ಲಾಭದ ಪಾಠವನ್ನೂ ಬೆಕ್ಕು ಅಷ್ಟೇ ಚುರುಕಾಗಿ ಕಲಿಯುತ್ತದೆ. ಯಾವತ್ತೋ ಒಂದು ದಿನ ನಿದ್ದೆಗಣ್ಣಲ್ಲಿ ಎದ್ದು ಒಂದು ಹಿಡಿ ತಿಂಡಿ ಹಾಕಿರುತ್ತೀರಿ. ಅಲ್ಲಿಗೆ ಮುಗಿಯಿತು. ಬೈದರೂ ಅದಕ್ಕೆ ಲಾಭವೇ, ಯಾಕೆಂದರೆ ಬೈಯಲು ನೀವು ಎದ್ದಿರಿ.

ನಿಮ್ಮದೂ ಪೂರ್ತಿ ತಪ್ಪಲ್ಲ ಬಿಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರನ್ ಮೆಕೋಂಬ್ ಮತ್ತು ತಂಡ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಊಟ ಕೇಳುವಾಗಿನ ಬೆಕ್ಕಿನ ಗುರ್‌ಗುರ್ ಸದ್ದಿನೊಳಗೆ ಅಳುವಿನಂಥ ಒಂದು ಎತ್ತರದ ಸ್ವರ ಸೇರಿರುತ್ತದಂತೆ. ಬೆಕ್ಕು ಸಾಕಿಯೇ ಇಲ್ಲದವರಿಗೂ ಆ ಸದ್ದು ಹೆಚ್ಚು ತುರ್ತಿನದು ಅನಿಸಿತು. ಮಗುವಿನ ಅಳು ಕೇಳಿ ಹೊರಳಿ ಮಲಗುವುದು ಎಷ್ಟು ಕಷ್ಟವೋ ಇದೂ ಹಾಗೆಯೇ.

ಈಗ ಬಿಡಿಸುವ ದಾರಿ. ಮಲಗುವ ಮುಂಚೆ 10-15 ನಿಮಿಷ ಬೆಕ್ಕನ್ನು ಚೆನ್ನಾಗಿ ಆಡಿಸಿ. ಕೋಲಿನ ತುದಿಗೆ ದಾರ, ದಾರಕ್ಕೆ ಗರಿಯೋ ಬಟ್ಟೆ ಚೂರೋ ಸಾಕು. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಅಪಾಯ. ಆಡಿದ ತಕ್ಷಣ ದಿನದ ದೊಡ್ಡ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ದಿನಚರಿ ಇದೇ ಕ್ರಮದಲ್ಲಿ ನಡೆಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಬಟ್ಟಲು ತುಂಬಿಸಬೇಡಿ. ಹಲ್ಲುಜ್ಜಿ, ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಹಾಕಿ. ನೀವು ಏಳುವುದಕ್ಕೂ ಊಟಕ್ಕೂ ಇರುವ ಗಂಟು ಬಿಚ್ಚಬೇಕು. ಹೊತ್ತಿಗೆ ಸರಿಯಾಗಿ ತಿಂಡಿ ಉದುರಿಸುವ ಟೈಮರ್ ಡಬ್ಬಿಗಳೂ ಸಿಗುತ್ತವೆ. ಆಗ ಬೆಕ್ಕು ನಿಮ್ಮನ್ನು ಬಿಟ್ಟು ಡಬ್ಬಿಯ ಮುಂದೆ ಧರಣಿ ಕೂರುತ್ತದೆ.

4 ಗಂಟೆಯ ಕೂಗಿಗೆ ಮಾತ್ರ ಏನೂ ಉತ್ತರ ಕೊಡಬೇಡಿ. ಮೊದಲ ವಾರ ಕೂಗು ಇನ್ನೂ ಜೋರಾಗುತ್ತದೆ. ಎಷ್ಟೋ ಮನೆಗಳಲ್ಲಿ ಸೋಲುವುದು ಇಲ್ಲೇ. 6 ದಿನ ತಡೆದು 7ನೇ ದಿನ ಎದ್ದರೆ, "ಇನ್ನೂ ಸ್ವಲ್ಪ ಜಾಸ್ತಿ ಕೂಗಿದರೆ ಏಳುತ್ತಾರೆ" ಎಂದು ಕಲಿಸಿದ ಹಾಗಾಗುತ್ತದೆ.

ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ನಮ್ಮ ಮನೆಯಲ್ಲಿ ನಾನು ಹತ್ತು ದಿನ ದಿಂಬಿನ ಕೆಳಗೆ ತಲೆ ಇಟ್ಟು ಸಹಿಸಿದೆ, ಕೂಗು ಮಾತ್ರ ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಅಪ್ಪ ಸದ್ದಿಲ್ಲದೆ ಎದ್ದು ಹಾಲು ಹಾಕುತ್ತಿದ್ದರು. "ಪಾಪ, ಹಸಿದಿತ್ತು ಕಣೋ" ಎಂದರು. ಬೆಕ್ಕಿಗೂ ಹಾಲಿಗೂ ಇರುವ ನಂಟು ಗಾದೆಯಲ್ಲಿ ಚೆಂದ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಅದನ್ನು ಒರೆಸುವ ಕೆಲಸ ನನ್ನದಾಗಿತ್ತು.

ಒಂದು ಎಚ್ಚರಿಕೆ. ಇದುವರೆಗೆ ಸುಮ್ಮನಿದ್ದ ಬೆಕ್ಕು, ಅದರಲ್ಲೂ 10 ವರ್ಷ ದಾಟಿದ್ದು, ಇದ್ದಕ್ಕಿದ್ದ ಹಾಗೆ ರಾತ್ರಿ ಕೂಗಲು ಶುರು ಮಾಡಿದರೆ ಮೇಲಿನದೆಲ್ಲ ಪಕ್ಕಕ್ಕಿಡಿ. ಜಾಸ್ತಿ ತಿಂದರೂ ತೂಕ ಇಳಿಯುತ್ತಿದ್ದರೆ, ಪದೇ ಪದೇ ನೀರು ಕುಡಿಯುತ್ತಿದ್ದರೆ ಥೈರಾಯ್ಡ್, ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಪಶುವೈದ್ಯರಿಗೆ ತೋರಿಸಿ. ಆಪರೇಷನ್ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದಾಗಲೂ ಮನೆಯಿಡೀ ಕೇಳುವ ಹಾಗೆ ಕೂಗುತ್ತದೆ. ಅದಕ್ಕೆ ಸಂತಾನಹರಣ ಚಿಕಿತ್ಸೆಯೇ ದಾರಿ.

ನಮ್ಮ ಬೆಕ್ಕು ಈಗ ನನ್ನ ತಂಟೆಗೆ ಬರುವುದಿಲ್ಲ. 4 ಗಂಟೆಗೆ ನೇರವಾಗಿ ಹೋಗಿ ಅಪ್ಪನ ಕೋಣೆಯ ಬಾಗಿಲು ಪರಚುತ್ತದೆ.