ಮುಖದ ಬಂಗು ಲೇಸರ್‌ನಿಂದ ಹೋಗುತ್ತಾ?

ಪ್ರಶ್ನೆ: ನನಗೆ 38 ವರ್ಷ. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಯಲ್ಲಿ ಬಂಗು ಕಾಣಿಸಿಕೊಂಡಿದೆ. ಒಂದು ಕ್ಲಿನಿಕ್‌ನಲ್ಲಿ, ಆರು ಸಿಟಿಂಗ್ ಲೇಸರ್ ಮಾಡಿಸಿದರೆ ಪೂರ್ತಿ ಹೋಗುತ್ತದೆ ಎಂದರು. ನನ್ನದು ಎಣ್ಣೆಗೆಂಪು ಮೈಬಣ್ಣ. ಮಾಡಿಸಲಾ?

ಉತ್ತರ: ಪೂರ್ತಿ ಹೋಗುತ್ತದೆ ಎಂದು ಹೇಳಿದ ಕಡೆ ದುಡ್ಡು ಕಟ್ಟಬೇಡಿ. ಬಂಗಿನ ವಿಷಯದಲ್ಲಿ ಹಾಗೆ ಮಾತು ಕೊಡಲು ಯಾವ ಚರ್ಮದ ಡಾಕ್ಟರಿಗೂ ಆಗುವುದಿಲ್ಲ. ಹಾಗಂತ ಲೇಸರ್ ಕೆಟ್ಟದ್ದೇನೂ ಅಲ್ಲ. ಕೆಲವು ಕಲೆಗಳಿಗೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಇಲ್ಲ. ನಿಮ್ಮದು ಆ ಜಾತಿಯ ಕಲೆ ಅಲ್ಲ, ಅಷ್ಟೆ.

ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿದು ಕೈ ಸುಟ್ಟುಕೊಂಡಿದ್ದು ನೆನಪಿದೆ ಅಲ್ವಾ? ಗುಳ್ಳೆ ವಾರದಲ್ಲಿ ಒಣಗುತ್ತದೆ. ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಚರ್ಮದ ಸ್ವಭಾವವೇ ಅದು. ಸುಟ್ಟರೂ, ತರಚಿದರೂ, ಮೊಡವೆ ಎದ್ದರೂ ಆ ಜಾಗದಲ್ಲಿ ಮೆಲನಿನ್ ಎಂಬ ಬಣ್ಣ ಜಾಸ್ತಿ ತಯಾರಾಗುತ್ತದೆ. ಲೇಸರ್ ಕೆಲಸ ಮಾಡುವುದೂ ಬಿಸಿಯಿಂದಲೇ. ತೊಡಕು ಇರುವುದು ಇಲ್ಲಿ.

ಲೇಸರ್ ಬೆಳಕನ್ನು ಮೆಲನಿನ್ ಹೀರಿಕೊಂಡು ಕಾಯುತ್ತದೆ. ಆ ಬೆಳಕನ್ನು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಹೊಡೆದರೆ, ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಬಣ್ಣದ ಕಣ ಒಡೆದುಹೋಗುತ್ತದೆ. ಈ ಸೂತ್ರವನ್ನು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ವಿವರಿಸಿದರು. ಬಿಳಿ ಚರ್ಮದ ಮೇಲಿನ ಕಂದು ಚುಕ್ಕೆಗೆ ಇದು ಸಲೀಸು, ಏಕೆಂದರೆ ಬೆಳಕು ಹೀರುವ ಬಣ್ಣ ಇರುವುದು ಬಹುಪಾಲು ಆ ಚುಕ್ಕೆಯಲ್ಲೇ. ನಮ್ಮಲ್ಲಿ ಕಲೆಯಲ್ಲೂ ಮೆಲನಿನ್, ಸುತ್ತಲಿನ ಚರ್ಮದಲ್ಲೂ ಮೆಲನಿನ್. ಲೇಸರ್‌ಗೆ ಎರಡೂ ಒಂದೇ.

ಡಾಕ್ಟರುಗಳು ಚರ್ಮವನ್ನು ತುಂಬ ಬಿಳಿಯದಕ್ಕೆ 1, ತುಂಬ ಕಪ್ಪಿನದಕ್ಕೆ 6 ಎಂದು ವಿಂಗಡಿಸುತ್ತಾರೆ. ಭಾರತೀಯರಲ್ಲಿ ಹೆಚ್ಚಿನವರದು 4 ಅಥವಾ 5. 1975ರಲ್ಲಿ ಅಮೆರಿಕದ ಚರ್ಮದ ಡಾಕ್ಟರ್ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಈ ಪಟ್ಟಿ ಮಾಡಿದಾಗ ಅದು ಬಿಳಿಯರಿಗಾಗಿಯೇ ಇತ್ತು. ಕಂದು, ಕಪ್ಪು ಚರ್ಮ ಪಟ್ಟಿ ಸೇರಿದ್ದು ಆಮೇಲೆ. ನಮ್ಮಂಥವರಿಗೆ ಸಾಮಾನ್ಯವಾಗಿ ಬಳಸುವುದು 1064 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದದ ಅಳತೆ) ಎನ್‌ಡಿ-ಯಾಗ್ ಎಂಬ ಲೇಸರ್. ಅದರ ಬೆಳಕನ್ನು ಮೇಲ್ಪದರದ ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಅದೇ ಮೆಷಿನ್ನಿನ 532 ನ್ಯಾನೋಮೀಟರ್ ಬೆಳಕಿನಲ್ಲಿ ಸುಡುವ ಭಯ ಜಾಸ್ತಿ.

ಈಗ ಲೇಸರ್ ಗೆದ್ದಿರುವ ಒಂದು ಕಲೆಯ ವಿಷಯ. ಕೆಲವರಿಗೆ ಹುಟ್ಟಿನಿಂದ ಅಥವಾ ಹರೆಯದಲ್ಲಿ ಕಣ್ಣಿನ ಸುತ್ತ, ಹೆಚ್ಚಾಗಿ ಒಂದೇ ಬದಿಗೆ, ನೀಲಿ ಬೂದು ಬಣ್ಣದ ಕಲೆ ಬರುತ್ತದೆ. ಕಣ್ಣಿನ ಬಿಳಿಭಾಗದಲ್ಲೂ ಇರಬಹುದು. ಜಪಾನಿನ ಡಾಕ್ಟರ್ ಓಟಾ 1939ರಲ್ಲಿ ವಿವರಿಸಿದ ಕಾರಣ ಅದಕ್ಕೆ ಓಟಾ ಮಚ್ಚೆ ಎನ್ನುತ್ತಾರೆ. ಏಷ್ಯಾದವರಲ್ಲೇ ಹೆಚ್ಚು. ಕ್ರೀಮ್ ಹಚ್ಚಿ ಪ್ರಯೋಜನವಿಲ್ಲ, ಬಣ್ಣ ಅಷ್ಟು ಆಳದಲ್ಲಿರುತ್ತದೆ. ಲೇಸರ್‌ಗೆ ಮಾತ್ರ ಕೆಲವು ಸಿಟಿಂಗ್‌ಗಳಲ್ಲಿ ಚರ್ಮದ ಕಲೆ ಚೆನ್ನಾಗಿ ತಿಳಿಯಾಗುತ್ತದೆ. ಮತ್ತೆ ಬರುವುದು ಅಪರೂಪ.

ಬಂಗು ಹಾಗಲ್ಲ. ಬಸಿರು, ಗರ್ಭನಿರೋಧಕ ಮಾತ್ರೆ, ಬಿಸಿಲು, ಮನೆತನದ ಗುಣ ಇವೆಲ್ಲ ಸೇರಿ ಅಲ್ಲಿನ ಜೀವಕೋಶಗಳು ದಿನವೂ ಬಣ್ಣ ತಯಾರಿಸುತ್ತಲೇ ಇರುತ್ತವೆ. ಇದ್ದ ಬಣ್ಣವನ್ನು ಒಡೆದು ಬಂದರೆ, ಸೋರುವ ಮಾಡಿನ ಕೆಳಗಿನ ಗೋಡೆಗೆ ಸುಣ್ಣ ಬಳಿದ ಹಾಗಾಯಿತು. ಮುಂದಿನ ಮಳೆಗೆ ಕಲೆ ಮತ್ತೆ ಮೂಡುತ್ತದೆ.

ನಿಮಗೆ ಹೇಳಿದ್ದು ಬಹುಶಃ ‘ಲೇಸರ್ ಟೋನಿಂಗ್’. ಕಡಿಮೆ ಶಕ್ತಿಯ 1064 ಬೆಳಕನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹಾಯಿಸುತ್ತಾರೆ. ಕೊರಿಯಾ, ಜಪಾನ್‌ಗಳಲ್ಲಿ ಜನಪ್ರಿಯವಾಗಿ ನಮ್ಮ ಊರುಗಳಿಗೂ ಬಂದಿದೆ. ಮೊದಲ ಕೆಲವು ಸಿಟಿಂಗ್‌ಗಳಲ್ಲಿ ಮುಖ ತಿಳಿಯಾಗುವುದು ನಿಜ. ನಿಲ್ಲಿಸಿದ ಕೆಲವು ತಿಂಗಳಿಗೆ ಬಂಗು ವಾಪಸ್ ಬರುವುದೂ ಅಷ್ಟೇ ನಿಜ. ಅತಿಯಾದರೆ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು ಬರಬಹುದು. ಅವನ್ನು ಸರಿಮಾಡುವುದು ಬಂಗಿಗಿಂತ ಕಷ್ಟ.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಸನ್‌ಸ್ಕ್ರೀನ್. ಬೇಜಾರಾಯಿತಾ? ಆದರೆ ಸುಮ್ನೆ ಯಾವುದೋ ಒಂದಲ್ಲ. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಹೆಚ್ಚೇನೂ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ. ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಉಳಿಯುವುದಿಲ್ಲ ಎಂಬುದೂ ಗೊತ್ತಿರಲಿ.

ಆಮೇಲೆ ಕ್ರೀಮ್. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಸೇರಿದ್ದನ್ನು ಡಾಕ್ಟರು ಕೆಲವು ವಾರದ ಮಟ್ಟಿಗೆ ಬರೆಯುತ್ತಾರೆ. ಮೆಡಿಕಲ್ ಶಾಪಿನಿಂದ ನೀವೇ ತಂದು ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಕೂದಲು ಎಲ್ಲ ಬರುತ್ತವೆ. ‘ಬೆಳ್ಳಗಾಗುವ ಕ್ರೀಮ್’ ಎಂದು ಹೀಗೆ ಮುಖ ಕೆಡಿಸಿಕೊಂಡವರು ಬಹಳ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. ಮತ್ತೆ ಬಸಿರಾಗುವ ಯೋಚನೆ ಇದ್ದರೆ, ಮಗು ಇನ್ನೂ ಹಾಲು ಕುಡಿಯುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ರಕ್ತಸ್ರಾವ ತಡೆಯಲು ಬಳಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಬಂಗಿಗೆ ಕೊಡುವುದುಂಟು. ರಕ್ತ ಹೆಪ್ಪುಗಟ್ಟುವ ತೊಂದರೆ ನಿಮಗೋ ಮನೆಯವರಿಗೋ ಇದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಇದನ್ನೆಲ್ಲ ಕೆಲವು ತಿಂಗಳು ಸರಿಯಾಗಿ ಮಾಡಿಯೂ ಸಾಲದಿದ್ದರೆ ಲೇಸರ್ ಯೋಚಿಸಬಹುದು. ಕ್ರೀಮ್ ಬದಲಿಗೆ ಅಲ್ಲ, ಜೊತೆಗೆ. ಬಿಸಿಲಲ್ಲಿ ಓಡಾಡಿ ಮುಖ ಕಪ್ಪಾಗಿರುವಾಗ ಬೇಡ. ಮನೆಯಲ್ಲಿ ಮದುವೆ ಹತ್ತಿರ ಇದ್ದಾಗಲಂತೂ ಬೇಡವೇ ಬೇಡ.

ಆ ಕ್ಲಿನಿಕ್‌ಗೆ ಮತ್ತೆ ಹೋದರೆ ಇಷ್ಟು ಕೇಳಿ. ನನ್ನದು ಬಂಗೇ ಹೌದಾ, ಎಷ್ಟು ಆಳದಲ್ಲಿದೆ? ಯಾವ ಲೇಸರ್, ಎಷ್ಟು ನ್ಯಾನೋಮೀಟರ್? ಮೊದಲು ಕಿವಿಯ ಹತ್ತಿರ ಸಣ್ಣ ಜಾಗದಲ್ಲಿ ಮಾಡಿ, ಕೆಲವು ವಾರ ಕಾದು ನೋಡುತ್ತೀರಾ? ಲೇಸರ್ ಹಿಡಿಯುವವರು ಚರ್ಮದ ಡಾಕ್ಟರಾ, ಟೆಕ್ನಿಷಿಯನ್ನಾ? ಪ್ಯಾಕೇಜ್ ದುಡ್ಡಿನ ಮಾತು ಇವಕ್ಕೆಲ್ಲ ಉತ್ತರ ಸಿಕ್ಕಮೇಲೆ ಇರಲಿ.