ಇಲಿಯಂತೆ ಓಡಬೇಕು, ಇಲಿಯಂತೆ ಸೋಲಬೇಕು: ಬೆಕ್ಕಿಗೊಂದು ಉಡುಗೊರೆ

ಹೊಸ ಆಟಿಕೆ ಸಿಕ್ಕ ಮೊದಲ ಐದು ನಿಮಿಷ ಬೆಕ್ಕು ಅದರ ಮೇಲೆ ಬಿದ್ದು ಹೊರಳಾಡುತ್ತದೆ. ಮಾರನೆಯ ದಿನ ಅದೇ ಆಟಿಕೆಯನ್ನು ಮೂಸಿಯೂ ನೋಡುವುದಿಲ್ಲ. ಚಂಚಲ ಪ್ರಾಣಿ, ಇದಕ್ಕೆ ಯಾವುದೂ ಹಿಡಿಸುವುದಿಲ್ಲ ಎಂದು ಕೈಬಿಡುವವರೇ ಹೆಚ್ಚು. ಆದರೆ ತಪ್ಪು ಬೆಕ್ಕಿನದಲ್ಲ. 2002ರಲ್ಲಿ ಬ್ರಿಟನ್ನಿನ ಜಾನ್ ಬ್ರಾಡ್‌ಶಾ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಬೆಕ್ಕುಗಳ ಆಟ ಪ್ರತಿ ಸಲವೂ ಕುಗ್ಗುತ್ತ ಹೋಯಿತು. ಬೇಸರ ಬಂದ ಐದು ನಿಮಿಷಕ್ಕೆಲ್ಲ ಬೇರೊಂದು ಬಗೆಯ ಆಟಿಕೆ ಕೊಟ್ಟರೆ ಮೊದಲ ಸಲಕ್ಕಿಂತಲೂ ಜೋರಾಗಿ ಎಗರಿ ಆಡಿದವು. ಅಂದರೆ ಆಡುವ ಹಸಿವು ಹಾಗೆಯೇ ಇತ್ತು, ಆ ವಸ್ತುವಿನ ಮೇಲಿನ ನಂಬಿಕೆ ಮಾತ್ರ ಹೋಗಿತ್ತು.

ಬೆಕ್ಕಿನ ಮಟ್ಟಿಗೆ ಆಟವೆಂದರೆ ಬೇಟೆ. ನಿಜವಾದ ಬೇಟೆ ಕಚ್ಚಿದಂತೆಲ್ಲ ಬದಲಾಗುತ್ತದೆ: ಚರ್ಮ ಹರಿಯುತ್ತದೆ, ಪುಕ್ಕ ಉದುರುತ್ತದೆ, ವಾಸನೆ ಬೇರೆಯಾಗುತ್ತದೆ, ಕೊನೆಗೆ ಒದ್ದಾಟ ನಿಲ್ಲುತ್ತದೆ. ಎಷ್ಟು ಕಚ್ಚಿದರೂ ಇದ್ದ ಹಾಗೇ ಇರುವ ಪ್ಲಾಸ್ಟಿಕ್ ಚೆಂಡು ಬೆಕ್ಕಿನ ಲೆಕ್ಕದಲ್ಲಿ ತಿನ್ನಲು ಬಾರದ ವಸ್ತು. ಅದರ ಮೇಲೆ ಶಕ್ತಿ ವ್ಯಯಿಸುವ ಬೆಕ್ಕು ಕಾಡಿನಲ್ಲಿ ಬದುಕಿ ಉಳಿಯುತ್ತಿರಲಿಲ್ಲ. ಇದೇ ಸಂಶೋಧಕರು ಅದಕ್ಕೂ ಮೊದಲು ಇನ್ನೊಂದು ಸಂಗತಿಯನ್ನು ಗಮನಿಸಿದ್ದರು: ಹಸಿದ ಬೆಕ್ಕು ಹೆಚ್ಚು ಹುರುಪಿನಿಂದ ಆಡುತ್ತದೆ, ಸಾಮಾನ್ಯವಾಗಿ ಹಿಂಜರಿಯುವ ದೊಡ್ಡ ಆಟಿಕೆಯ ಮೇಲೂ ಎರಗುತ್ತದೆ. ಹಾಗಾಗಿ ಉಡುಗೊರೆಯನ್ನು ಊಟಕ್ಕೆ ಮೊದಲು ಕೊಡಿ. ಹೊಟ್ಟೆ ತುಂಬಿದ ಬೆಕ್ಕಿನ ಮುಂದೆ ಇಟ್ಟು "ಇಷ್ಟವಾಗಲಿಲ್ಲ" ಎಂದು ತೀರ್ಮಾನಿಸಬೇಡಿ.

ಇನ್ನು ಆರಿಸುವ ಮಾತು. ಅಂಗಡಿಯ ಆಟಿಕೆಗಳಲ್ಲಿ ಕೆಂಪು ಬಣ್ಣವೇ ಹೆಚ್ಚು ಕಣ್ಣಿಗೆ ಬೀಳುತ್ತದೆ, ಬೀಳುವುದು ನಮ್ಮ ಕಣ್ಣಿಗೆ. ಬೆಕ್ಕಿಗೆ ನೀಲಿ ಮತ್ತು ಹಳದಿ-ಹಸಿರು ಚೆನ್ನಾಗಿ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ. ಬಣ್ಣಕ್ಕಿಂತ ಮುಖ್ಯವಾದದ್ದು ಚಲನೆ, ಮತ್ತು ನೆಲದ ಬಣ್ಣಕ್ಕೂ ಆಟಿಕೆಯ ಬಣ್ಣಕ್ಕೂ ಇರುವ ಅಂತರ. ಬಿಳಿ ನೆಲದ ಮೇಲೆ ಕಡುನೀಲಿ ಬಟ್ಟೆಯ ಚೂರು ಓಡಿದರೆ ಸಾಕು. ಮೂಗಿಗೆ 25 ಸೆಂಟಿಮೀಟರಿಗಿಂತ ಹತ್ತಿರ ಹಿಡಿದರೆ ಬೆಕ್ಕಿಗೆ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲ, ಅಷ್ಟು ಸಮೀಪದಲ್ಲಿ ಕೆಲಸ ಮಾಡುವುದು ಮೀಸೆ. ಆಟಿಕೆಯನ್ನು ಮುಖದ ಮುಂದೆ ಅಲ್ಲಾಡಿಸಿದಾಗ ಅದು ಕಣ್ಣು ಮಿಟುಕಿಸುತ್ತ ಹಿಂದೆ ಸರಿಯುವುದು ಇದಕ್ಕೇ. ಕಿವಿಯಂತೂ ಸುಮಾರು 85 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಹಿಡಿಯುತ್ತದೆ. ನಮ್ಮದು 20ಕ್ಕೆ ನಿಲ್ಲುತ್ತದೆ. ಇಲಿಮರಿಗಳ ಕಿರುಗುಟ್ಟುವಿಕೆ ಇರುವುದು ನಮಗೆ ಕೇಳದ ಆ ಎತ್ತರದಲ್ಲಿ. ಒಣ ಕಾಗದದ ಸರಸರ ಸದ್ದಿಗೆ ಬೆಕ್ಕು ತಟ್ಟನೆ ತಿರುಗುತ್ತದೆ, ಗೆಜ್ಜೆ ಬೇಕೇ ಬೇಕೆಂದಿಲ್ಲ. ಗೆಜ್ಜೆ ಕಿತ್ತು ನುಂಗುವ ಅಪಾಯವೂ ಇದೆ.

ಅತಿ ಹೆಚ್ಚು ಫಲ ಕೊಡುವ ಉಡುಗೊರೆ ಒಂದು ಕೋಲು ಮತ್ತು ಹುರಿ. ಕೋಲು 60ರಿಂದ 90 ಸೆಂಟಿಮೀಟರ್ ಉದ್ದವಿರಲಿ, ಬಾಗಿದರೂ ಸೀಳಬಾರದು. ತುದಿಗೆ ಅಷ್ಟೇ ಉದ್ದದ ಹುರಿ. ತೆಳುವಾದ ಹೊಲಿಗೆ ದಾರ ಬೇಡ, ಕನಿಷ್ಠ 3 ಮಿಲಿಮೀಟರ್ ದಪ್ಪದ ಹೆಣೆದ ಹತ್ತಿ ಹುರಿ ಬೇಕು. ಕೋಲಿನ ತುದಿಯಲ್ಲಿ ಸುತ್ತಲೂ ಒಂದು ಗೀರು ಕೊರೆದು ಆ ಗೀರಿನಲ್ಲಿ ಹುರಿಯನ್ನು ಗಂಟು ಹಾಕಿದರೆ ಜಾರುವುದಿಲ್ಲ. ಕೊನೆಗೆ 7-8 ಸೆಂಟಿಮೀಟರಿನ ಬಟ್ಟೆಯ ಸುರುಳಿ, ಸುಮಾರು ಒಂದು ಸುಂಡಿಲಿಯ ಅಳತೆ.

ಕೋಲು ಮಾಡುವುದು ಸುಲಭ, ಆಡಿಸುವುದರಲ್ಲಿ ಬಹಳ ಜನ ಎಡವುತ್ತಾರೆ. ಇಲಿ ಎಂದೂ ಬೆಕ್ಕಿನತ್ತ ಓಡಿ ಬರುವುದಿಲ್ಲ. ಸುರುಳಿಯನ್ನು ನೆಲಕ್ಕೆ ತಾಗಿಸಿ, ಬೆಕ್ಕಿನಿಂದ ದೂರಕ್ಕೆ, ಗೋಡೆಯಂಚಿಗೆ ಎಳೆಯಿರಿ. ಮಧ್ಯೆ ನಿಲ್ಲಿಸಿ. ಮೇಜಿನ ಕಾಲಿನ ಹಿಂದೆ ಅರ್ಧ ಮರೆಯಾಗಿಸಿ, ಅಲ್ಲಿಂದ ತುದಿ ಮಾತ್ರ ಮಿಸುಕಾಡಲಿ. ಆಗ ಬೆಕ್ಕನ್ನು ನೋಡಬೇಕು: ಮೈ ನೆಲಕ್ಕೆ ಅಂಟುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಹಿಂಭಾಗ ಎಡಕ್ಕೂ ಬಲಕ್ಕೂ ತೂಗುತ್ತದೆ, ಮರುಕ್ಷಣ ನೆಗೆತ. ಈ ಹೊಂಚಿನ ಹೊತ್ತು ಅರ್ಧ ನಿಮಿಷ ಹಿಡಿದರೂ ಕಾಯಿರಿ, ಅದೂ ಆಟವೇ. ಐದಾರು ಸಲ ಎಗರಿದರೆ ಒಂದೆರಡು ಸಲವಾದರೂ ಸಿಗಲಿ. ಐದರಿಂದ ಹತ್ತು ನಿಮಿಷ ಆಡಿಸಿ ಓಟವನ್ನು ನಿಧಾನ ಮಾಡುತ್ತ ಬನ್ನಿ, ಕಡೆಯ ಸಲ ಹಿಡಿದದ್ದನ್ನು ಅದರ ಬಾಯಲ್ಲೇ ಬಿಡಿ, ಆಮೇಲೆ ಊಟ ಹಾಕಿ. ಹಿಡಿಯುವುದು, ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಮಲಗುವುದು: ಬೇಟೆಯ ಸುತ್ತು ಹೀಗೆ ಪೂರ್ತಿಯಾಗಬೇಕು. ಲೇಸರ್ ಚುಕ್ಕೆ ನಮಗೆ ಹಿಡಿಸದಿರುವುದು ಇದೇ ಕಾರಣಕ್ಕೆ. ಅದು ಓಡುತ್ತದೆ, ಕೈಗೆ ಸಿಗುವುದಿಲ್ಲ. ಇದ್ದೇ ಇದೆ ಎಂದಾದರೆ ಕಣ್ಣಿಗೆ ತಾಗದಂತೆ ನೆಲದಲ್ಲೇ ಓಡಿಸಿ, ಕೊನೆಗೆ ಹಿಡಿಯಬಲ್ಲ ಒಂದು ಆಟಿಕೆಯ ಮೇಲೆ ನಿಲ್ಲಿಸಿ.

ಹಿಡಿದ ಮೇಲೆ ತಬ್ಬಿ ಒದೆಯಲು ಬೇರೊಂದು ಬೇಕು. ಬೆಕ್ಕು ಮುಂಗಾಲಲ್ಲಿ ಅಪ್ಪಿ, ಹಲ್ಲಲ್ಲಿ ಕಚ್ಚಿ, ಹಿಂಗಾಲೆರಡರಿಂದ ಪಟಪಟ ಒದೆಯುತ್ತದೆ. ಅದಕ್ಕೆ ಉದ್ದನೆಯ ದಿಂಬು ಹೊಂದುತ್ತದೆ. ಹಳೆಯ ಜೀನ್ಸ್‌ನಂಥ ದಪ್ಪ ಹತ್ತಿ ಬಟ್ಟೆಯಿಂದ 32 ಸೆಂಟಿಮೀಟರ್ ಉದ್ದ, 22 ಅಗಲದ ತುಂಡು ಕತ್ತರಿಸಿ. ಒಳಮೈ ಹೊರಗಾಗುವಂತೆ ಉದ್ದುದ್ದ ಮಡಚಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಹೊಲಿಯಿರಿ. ಉದ್ದದ ಬದಿ ಮತ್ತು ಒಂದು ತುದಿ ಪೂರ್ತಿ, ಇನ್ನೊಂದು ತುದಿ ತೆರೆದಿರಲಿ. ಅದೇ ಸಾಲಿನ ಮೇಲೆ ಎರಡನೇ ಸಲ ಹೊಲಿಯಬೇಕು. ಒಂದೇ ಸಾಲಾದರೆ ಹಿಂಗಾಲಿನ ಉಗುರು ಮೊದಲ ವಾರದಲ್ಲೇ ಬಿಚ್ಚಿಹಾಕುತ್ತದೆ. ತಿರುಗಿಸಿದರೆ 31 ಸೆಂಟಿಮೀಟರ್ ಉದ್ದ, 10 ಅಗಲದ ಚೀಲ ಸಿಗುತ್ತದೆ. ಹಳೆಯ ಹತ್ತಿ ಬಟ್ಟೆಯ ಚೂರುಗಳನ್ನು ತುಂಬಿ, ತೆರೆದ ತುದಿಯನ್ನು ಒಳಮಡಚಿ ಹೊಲಿದು ಮುಚ್ಚಿ. ದಾರದ ಎಳೆ, ಸ್ಪಂಜಿನ ಚೂರು ಬೇಡ. ಹಲ್ಲು ಸ್ವಲ್ಪ ಇಳಿಯುವಂತೆ ಮೆತ್ತಗಿರಲಿ, ಇಟ್ಟಿಗೆಯಂತೆ ಗಿಡಿದರೆ ಬೆಕ್ಕು ತಬ್ಬುವುದಿಲ್ಲ. ಬಟ್ಟೆಯನ್ನು ಸುವಾಸನೆಯ ಸೋಪಿನಲ್ಲಿ ಒಗೆದಿದ್ದರೆ ಬರೀ ನೀರಲ್ಲಿ ಇನ್ನೆರಡು ಸಲ ಜಾಲಿಸಿ.

ತುಂಬುವಾಗ ನಡುವೆ ಒಂದು ದೊಡ್ಡ ಚಮಚ ಒಣಗಿದ ಕ್ಯಾಟ್‌ನಿಪ್ ಎಲೆ ಹಾಕಿದರೆ ಉಡುಗೊರೆಯ ಬೆಲೆ ಹೆಚ್ಚುತ್ತದೆ. ಇದು ತುಳಸಿ, ಪುದೀನಗಳ ಕುಟುಂಬದ ಗಿಡ. ಇದರಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ರಾಸಾಯನಿಕ ಮೂಗಿಗೆ ತಾಗಿದೊಡನೆ ಬೆಕ್ಕು ಕೆನ್ನೆ ಉಜ್ಜುತ್ತದೆ, ಜೊಲ್ಲು ಸುರಿಸುತ್ತದೆ, ಉರುಳಾಡುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಅಮಲು ಇಳಿಯುತ್ತದೆ, ಆಮೇಲೆ ಸ್ವಲ್ಪ ಹೊತ್ತು ಎಷ್ಟು ಹಿಡಿದರೂ ಪರಿಣಾಮವಿಲ್ಲ. ಮೂರು ಬೆಕ್ಕುಗಳಲ್ಲಿ ಸುಮಾರು ಎರಡಕ್ಕೆ ಮಾತ್ರ ಇದು ನಾಟುತ್ತದೆ, ಈ ಗುಣ ವಂಶದಿಂದ ಬರುವಂಥದು. ಎಳೆಯ ಮರಿಗಳಿಗೆ ನಾಟುವುದೇ ಇಲ್ಲ. ನಾಟದ ಬೆಕ್ಕುಗಳಲ್ಲಿ ಹೆಚ್ಚಿನವು ಸಿಲ್ವರ್ ವೈನ್ ಎಂಬ ಬಳ್ಳಿಯ ಪುಡಿಗೆ ಒಲಿಯುತ್ತವೆ. ಈ ಉರುಳಾಟಕ್ಕೆ ಅರ್ಥವಿದೆ ಎಂಬುದು ಗೊತ್ತಾದದ್ದು 2021ರಲ್ಲಿ. ಸಿಲ್ವರ್ ವೈನ್‌ನಲ್ಲಿರುವ ಅಂಥದೇ ರಾಸಾಯನಿಕ ನೆಪೆಟಲ್ಯಾಕ್ಟಾಲ್ ಅನ್ನು ಮೈಗೆ ಸವರಿಕೊಂಡ ಬೆಕ್ಕಿನ ಮೇಲೆ ಸೊಳ್ಳೆ ಕೂರುವುದು ಕಡಿಮೆಯಾಗುತ್ತದೆ ಎಂದು ಜಪಾನಿನ ಸಂಶೋಧಕರು ತೋರಿಸಿದರು. ಮೈಯೇ ಉತ್ಪಾದಿಸುವ ಎಂಡಾರ್ಫಿನ್ ಈ ಸುಖಕ್ಕೆ ಕಾರಣವೆಂದೂ ಕಂಡುಕೊಂಡರು. ಎಲೆಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಬಳಸುವಾಗ ಬೆರಳಲ್ಲಿ ಹಿಸುಕಿ. ದಿಂಬನ್ನೂ ಆಡಿದ ಮೇಲೆ ಎತ್ತಿ ಅದೇ ಡಬ್ಬಿಗೆ ಹಾಕಿದರೆ ವಾಸನೆ ತಾಜಾ ಉಳಿಯುತ್ತದೆ. ಕ್ಯಾಟ್‌ನಿಪ್ ಬದಲು ಸುಗಂಧ ತೈಲಗಳ ಪ್ರಯೋಗ ಖಂಡಿತ ಬೇಡ. ಅಂಥ ಅನೇಕ ಪದಾರ್ಥಗಳನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ದುರ್ಬಲ. ಟೀ ಟ್ರೀ ಎಣ್ಣೆಯ ಸ್ವಲ್ಪವೇ ಪ್ರಮಾಣ ವಿಷವಾಗಬಲ್ಲದು.

ಈಗ ಎಲ್ಲಕ್ಕಿಂತ ಗಂಭೀರವಾದ ಸಂಗತಿ. ಆಕಳಿಸುವ ಬೆಕ್ಕಿನ ನಾಲಿಗೆಯನ್ನು ಹತ್ತಿರದಿಂದ ನೋಡಿ. ನಡುಭಾಗದಲ್ಲಿ ನೂರಾರು ಚಿಕ್ಕ ಮುಳ್ಳುಗಳಿವೆ, ಎಲ್ಲವೂ ಗಂಟಲಿನತ್ತ ಬಾಗಿವೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ ಮುಳ್ಳುಗಳವು, ಕೂದಲು ಬಾಚಲು ಹೇಳಿ ಮಾಡಿಸಿದ್ದು. ಆದರೆ ದಾರ, ರಿಬ್ಬನ್, ಮಿಂಚುವ ಅಲಂಕಾರದ ಎಳೆ, ರಬ್ಬರ್ ಬ್ಯಾಂಡ್ ಒಮ್ಮೆ ಇವುಗಳಿಗೆ ಸಿಕ್ಕಿದರೆ ಬೆಕ್ಕಿಗೆ ಉಗುಳಲು ಬರುವುದಿಲ್ಲ, ಎಳೆ ಒಳಗೊಳಗೇ ಸಾಗುತ್ತದೆ. ಅದರ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸುತ್ತಿಕೊಂಡು ಇನ್ನೊಂದು ತುದಿ ಕರುಳಿನಲ್ಲಿ ಮುಂದೆ ಹೋದರೆ, ಲಾಡಿ ಎಳೆದ ಚೀಲದ ಬಾಯಿಯಂತೆ ಕರುಳು ನೆರಿಗೆಗಟ್ಟುತ್ತದೆ. ಬಿಗಿಯಾದ ಎಳೆ ಕರುಳನ್ನು ಕೊಯ್ಯುತ್ತದೆ. ವಾಂತಿ, ಊಟ ಬಿಡುವುದು, ಮೂಲೆ ಸೇರುವುದು ಲಕ್ಷಣಗಳು. ಬಾಯಲ್ಲಾಗಲಿ ಗುದದಲ್ಲಾಗಲಿ ದಾರದ ತುದಿ ಕಂಡರೆ ಎಳೆಯಲೇಬೇಡಿ, ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ. ಉಡುಗೊರೆಯನ್ನು ರಿಬ್ಬನ್ನಿನಿಂದ ಕಟ್ಟದಿರಿ ಎನ್ನುವುದೂ, ಆಟ ಮುಗಿದೊಡನೆ ಕೋಲು-ಹುರಿಯನ್ನು ಬೀರುವಿನೊಳಗೆ ಇಡಿ ಎನ್ನುವುದೂ ಇದಕ್ಕೇ. ಅಂಟಿಸಿದ ಕಣ್ಣು, ಗುಂಡಿಗಳಿರುವ ಆಟಿಕೆ ತಂದಿದ್ದರೆ ಅವನ್ನು ಮೊದಲೇ ಕಿತ್ತುಬಿಡಿ.

ತಿನ್ನುವ ಉಡುಗೊರೆಯ ವಿಷಯ ಚಿಕ್ಕದು. ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗ್ರಹಿಸಲು ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕುಗಳಲ್ಲಿ ಕೆಟ್ಟು ನಿಂತಿದೆ ಎಂದು 2005ರಲ್ಲಿ ರುಚಿ, ವಾಸನೆಗಳನ್ನು ಅಧ್ಯಯನ ಮಾಡುವ ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು ಪತ್ತೆ ಮಾಡಿದರು. ಹುಟ್ಟುಹಬ್ಬದ ಕೇಕು ಅದಕ್ಕೆ ಬೇಕಿಲ್ಲ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿಮಾಂಸ 10 ಗ್ರಾಂ, ಉಗುರು ಬೆಚ್ಚಗೆ ಮಾಡಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕಿಲೋಕ್ಯಾಲೊರಿ, ಅದರ ಹತ್ತನೇ ಒಂದು ಭಾಗವನ್ನು ಮೀರದಂತೆ ಇಂಥ ತಿನಿಸು ಇರಲಿ. ಒಣ ಆಹಾರ ತಿನ್ನುವ ಬೆಕ್ಕಾದರೆ ಕಾಗದದ ಸುರುಳಿಯ ನಡುವಿನ ರಟ್ಟಿನ ಕೊಳವೆಗೆ ನಾಲ್ಕೈದು ತೂತು ಮಾಡಿ, ಕಾಳು ತುಂಬಿ, ಎರಡೂ ತುದಿ ಮಡಚಿ ಕೊಡಬಹುದು. ತೂತು ಕಾಳಿನ ಒಂದೂವರೆ ಪಟ್ಟು ಇರಲಿ. ಮೊದಲ ದಿನವೇ ಕಷ್ಟದ್ದು ಕೊಟ್ಟರೆ ಬೆಕ್ಕು ಕೈಚೆಲ್ಲುತ್ತದೆ. ದಿನದ ಆಹಾರವನ್ನೆಲ್ಲ ಅದರಲ್ಲೇ ಇಟ್ಟು ಹಸಿವಿನಿಂದ ಕಲಿಸುವ ಹಟ ಬೇಡ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿಗೆ, ಅದರಲ್ಲೂ ದಪ್ಪನೆಯದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಮಾರಕ ಕಾಯಿಲೆ ಬರಬಹುದು.

ಉಗುರು ಕೆರೆಯುವ ಕಂಬ ವರ್ಷಗಟ್ಟಲೆ ಬಾಳುವ ಉಡುಗೊರೆ. ಕೆರೆಯುವಾಗ ಉಗುರಿನ ಹಳೆಯ ಪದರ ಕಳಚುತ್ತದೆ, ಬೆನ್ನು-ಭುಜ ನೀಳವಾಗುತ್ತದೆ, ಪಾದದ ಗ್ರಂಥಿಗಳ ವಾಸನೆ ಅಲ್ಲಿ ಉಳಿಯುತ್ತದೆ. ಬೆಕ್ಕು ಹಿಂಗಾಲಲ್ಲಿ ನಿಂತು ಪೂರ್ತಿ ಮೈ ಚಾಚಬೇಕಾದ್ದರಿಂದ 90 ಸೆಂಟಿಮೀಟರ್ ಎತ್ತರ ಬೇಕು. 10 ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ದುಂಡು ಕಂಬ, ಅಡಿಗೆ 50 ಸೆಂಟಿಮೀಟರ್ ಚೌಕದ 18 ಮಿಲಿಮೀಟರ್ ಪ್ಲೈವುಡ್. ಅಡಿಯಿಂದ ನಾಲ್ಕು ಉದ್ದನೆಯ ಸ್ಕ್ರೂ ಹಾಕಿ, ತಲೆಗಳು ಹಲಗೆಯೊಳಗೆ ಇಳಿದಿರಲಿ. ಎಣ್ಣೆ ವಾಸನೆಯಿಲ್ಲದ 8 ಮಿಲಿಮೀಟರಿನ ಕತ್ತಾಳೆ ನಾರಿನ ಹಗ್ಗವನ್ನು 70 ಸೆಂಟಿಮೀಟರ್ ಎತ್ತರಕ್ಕೆ ಒತ್ತೊತ್ತಾಗಿ ಸುತ್ತಲು ಸುಮಾರು 30 ಮೀಟರ್ ಬೇಕಾಗುತ್ತದೆ, 32 ತನ್ನಿ. ಪ್ರತಿ ಹತ್ತು ಸುತ್ತಿಗೆ ಮರಗೆಲಸದ ಬಿಳಿ ಅಂಟು ಹಚ್ಚಿ, ಸುತ್ತುಗಳನ್ನು ಕೆಳಕ್ಕೆ ತಟ್ಟಿ ಬಿಗಿಮಾಡಿ, ಒಂದು ದಿನ ಒಣಗಲು ಬಿಡಿ. ತುದಿಯನ್ನು ಒಂಟಿ ಎಳೆಯಾಗಿ ಜೋಲಲು ಬಿಡಬಾರದು. ಕಂಬದ ತಲೆಯನ್ನು ಕೈಯಿಂದ ಜೋರಾಗಿ ನೂಕಿ ನೋಡಿ. ಸ್ವಲ್ಪ ಓಲಾಡಿದರೂ ಅಡಿಹಲಗೆ ದೊಡ್ಡದು ಮಾಡಿ, ಏಕೆಂದರೆ ಒಮ್ಮೆ ಅಲುಗಿ ಹೆದರಿಸಿದ ಕಂಬವನ್ನು ಬೆಕ್ಕು ಮತ್ತೆ ಮುಟ್ಟುವುದು ಕಷ್ಟ. ಮೂಲೆಯಲ್ಲಿ ಬಚ್ಚಿಡದೆ ಅದು ಮಲಗುವ ಜಾಗದ ಪಕ್ಕ, ಅಥವಾ ಈಗಾಗಲೇ ಕೆರೆಯುತ್ತಿರುವ ಸೋಫಾದ ಮುಂದೆಯೇ ನಿಲ್ಲಿಸಿ. ಪಾದ ಹಿಡಿದು ಕಂಬಕ್ಕೆ ಉಜ್ಜಿ ಕಲಿಸಲು ಹೋಗಬೇಡಿ, ಪಕ್ಕದಲ್ಲಿ ಕೋಲಿನ ಸುರುಳಿಯನ್ನು ಮೇಲಕ್ಕೆ ಓಡಿಸಿ, ತಾನಾಗಿ ಉಗುರು ನೆಡುತ್ತದೆ.

ಇವೆಲ್ಲ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಸಾಡಬೇಡಿ. ನೆದರ್‌ಲ್ಯಾಂಡ್ಸ್‌ನ ಬೆಕ್ಕಿನ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅಡಗಲು ಪೆಟ್ಟಿಗೆ ಸಿಕ್ಕವು, ಸಿಗದವುಗಳಿಗಿಂತ ಬೇಗ ನಿರಾಳವಾದವು ಎಂದು 2014ರ ಅಧ್ಯಯನವೊಂದು ದಾಖಲಿಸಿದೆ. ಅಂಟುಪಟ್ಟಿ, ಪಿನ್ನು ತೆಗೆದು, ಪೆಟ್ಟಿಗೆ ಬೋರಲು ಹಾಕಿ, ಎದುರುಬದಿರಾಗಿ 18 ಸೆಂಟಿಮೀಟರಿನ ಎರಡು ಬಾಗಿಲು ಕೊರೆಯಿರಿ. ಒಂದೇ ಬಾಗಿಲಿದ್ದರೆ ಮನೆಯ ಇನ್ನೊಂದು ಬೆಕ್ಕು ಅದನ್ನು ಅಡ್ಡಗಟ್ಟಿ ಕೂರಬಹುದು. ಒಳಗೆ ಉಣ್ಣೆಯ ಚೂರು ಹಾಸಿ, ಆಟಿಕೆಗಳಲ್ಲಿ ಎರಡನ್ನಷ್ಟೇ ಹೊರಗಿಟ್ಟು ಉಳಿದವನ್ನು ಕ್ಯಾಟ್‌ನಿಪ್ ಡಬ್ಬಿಗೆ ಸೇರಿಸಿ, ಮೂರ್ನಾಲ್ಕು ದಿನಕ್ಕೊಮ್ಮೆ ಅದಲುಬದಲು ಮಾಡಿ. ಹೊರತೆಗೆಯುವ ಮುನ್ನ ಪ್ರತಿ ಹೊಲಿಗೆಯನ್ನೂ ಬೆರಳಲ್ಲಿ ಎಳೆದು ನೋಡಿ.